ಜಯಮ್ಮನ ಅಂಗೈಯಲ್ಲಿ ಕರಗಿದ್ದು

ಅಳತೆಗೆ ಸಿಗದ ಯಾವುದನ್ನೂ ನಾನು ನಂಬುತ್ತಿರಲಿಲ್ಲ. ಯಾರಾದರೂ ವಿಚಿತ್ರ ಅನುಭವ ಎಂದು ಬಾಯಿ ತೆರೆದರೆ ಎದ್ದು ಹೋಗುತ್ತಿದ್ದವಳು. ಈಗ ನಾನೇ ಹೇಳಲು ಕೂತಿದ್ದೇನೆ. ನೀವು ನಂಬದಿದ್ದರೆ ಬೇಸರವಿಲ್ಲ. ಆದರೆ ಇಷ್ಟು ವರ್ಷಗಳಾದರೂ ಇದನ್ನು ನೆನೆದರೆ ನನಗೆ ಮೈ ಉರಿಯುತ್ತದೆ.

ಆಗ ನಾನು ಪಿಎಚ್‌ಡಿಗೆಂದು ವಿಜಯನಗರದಿಂದ ನಾಗರಬಾವಿಯ ಒಂದು ಸಂಶೋಧನಾ ಕೇಂದ್ರಕ್ಕೆ ದಿನಾ ಬಸ್ಸಿನಲ್ಲಿ ಹೋಗುತ್ತಿದ್ದೆ. ನನ್ನ ವಿಷಯ ಗ್ಯಾಸ್ ಹೈಡ್ರೇಟ್. ನೀರನ್ನೂ ಮೀಥೇನ್ ಅನಿಲವನ್ನೂ ಉಕ್ಕಿನ ಪಾತ್ರೆಗೆ ತುಂಬಿ, ಭಾರಿ ಒತ್ತಡ ಕೊಟ್ಟು ತಣ್ಣಗೆ ಮಾಡಿದರೆ, ನೀರಿನ ಕಣಗಳು ಅನಿಲದ ಸುತ್ತ ಪಂಜರ ಕಟ್ಟಿಕೊಂಡು ಮಂಜುಗಡ್ಡೆಯಂಥ ಬಿಳಿ ಗಡ್ಡೆಯಾಗುತ್ತವೆ. ಅದೇ ಹೈಡ್ರೇಟ್. ಬರೀ ನೀರಿನಲ್ಲಾದರೆ ಅದು ಕಟ್ಟಲು ಗಂಟೆಗಟ್ಟಲೆ ಕಾಯಬೇಕು; ಕೆಲವು ದಿನ ಕಟ್ಟುವುದೇ ಇಲ್ಲ. ಸೋಪಿನಂಥ ರಾಸಾಯನಿಕವನ್ನು ಒಂದು ಚಿಟಿಕೆ ಬೆರೆಸಿದರೆ ನಿಮಿಷಗಳಲ್ಲಿ ಕಟ್ಟುತ್ತದೆ. ಇನ್ನು ಕೆಲವು ರಾಸಾಯನಿಕಗಳು ಕಟ್ಟದಂತೆ ತಡೆಯುತ್ತವೆ. ಯಾವುದು ಬೇಗ ಕಟ್ಟಿಸುತ್ತದೆ, ಕಟ್ಟಿದ್ದು ಎಷ್ಟು ಹೊತ್ತು ನಿಲ್ಲುತ್ತದೆ ಎಂದು ನೋಡುವುದು ನನ್ನ ಕೆಲಸ. ಒತ್ತಡ ಬಿಟ್ಟು ಹೊರಗೆ ತೆಗೆದರೆ ಮಾತ್ರ, ಏನು ಬೆರೆಸಿದ್ದರೂ ಸರಿ, ಚಟಚಟ ಸದ್ದು ಮಾಡುತ್ತ ಅನಿಲ ಬಿಟ್ಟು ಸ್ವಲ್ಪ ಹೊತ್ತಿನಲ್ಲೇ ನೀರಾಗುತ್ತದೆ.

ಪಾತ್ರೆ ತೊಳೆಯುತ್ತಿದ್ದವರು ಜಯಮ್ಮ. ಪಕ್ಕದ ಮಲ್ಲತ್ತಹಳ್ಳಿಯವರೇ. ನಾನು ಸೇರುವ ಎಷ್ಟೋ ವರ್ಷ ಮೊದಲಿನಿಂದ ಅಲ್ಲಿದ್ದರು. ತೊಳೆದ ಗಾಜನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡದೆ ಕೆಳಗಿಡುತ್ತಿರಲಿಲ್ಲ.

ಒಂದು ಮಾರ್ಚ್‌ನಲ್ಲಿ, ಏನೂ ಬೆರೆಸದ ಬರೀ ನೀರಿನಲ್ಲಿ ಇಪ್ಪತ್ತೇ ನಿಮಿಷಕ್ಕೆ ಹೈಡ್ರೇಟ್ ಕಟ್ಟಿತು. ಮರುದಿನವೂ ಹಾಗೇ. ಮೂರನೆಯ ದಿನವೂ. ಹೋಲಿಕೆಗೆಂದು ಇಟ್ಟುಕೊಂಡ ನೀರೇ ಹೀಗೆ ಮಾಡಿದರೆ ಉಳಿದ ಅಳತೆಗಳೆಲ್ಲ ನೆಲಕಚ್ಚಿದಂತೆ. ನನ್ನ ಗೈಡ್ ಬಂದು ನೋಡಿದರು. ಒಂದು ಕ್ಷಣವೂ ಯೋಚಿಸಲಿಲ್ಲ.

"ಪಾತ್ರೇಲಿ ಸೋಪ್ ಉಳಿದಿದೆ. ಯಾರು ತೊಳೆದಿದ್ದು?"

"ನಾನೇ ಸಾರ್," ಎಂದರು ಜಯಮ್ಮ. "ಏಳು ನೀರು ಹಾಕಿ ತೊಳ್ದಿದೀನಿ. ಸೋಪು ಉಳಿದ್ರೆ ಕೈಗೇ ಗೊತ್ತಾಗುತ್ತೆ ಸಾರ್."

"ನಿನ್ನ ಕೈ ಏನು ಮೀಟರಾ?"

ಸುತ್ತ ಇದ್ದವರು ನಕ್ಕರು. ನಾನು ನಗಲಿಲ್ಲ, ಮಾತೂ ಆಡಲಿಲ್ಲ. ಪಾತ್ರೆ ಜಾಲಿಸಿದ ನೀರನ್ನು ಪರೀಕ್ಷಿಸಿ ನೋಡೋಣ ಎಂದು ಒಬ್ಬರಾದರೂ ಹೇಳಬಾರದೆ? ಅದಕ್ಕೆ ಬೇಕಾದ ಯಂತ್ರ ಅದೇ ಕೋಣೆಯಲ್ಲಿತ್ತು! ಮಧ್ಯಾಹ್ನದೊಳಗೆ, ಅವರನ್ನು ಕೆಲಸಕ್ಕೆ ಕಳಿಸಿದ್ದ ಏಜೆನ್ಸಿಗೆ ಫೋನು ಹೋಯಿತು, ಜಯಮ್ಮನ ಕೆಲಸವೂ ಹೋಯಿತು.

ಮರುದಿನ ಪಾತ್ರೆಯನ್ನು ನಾನೇ ತೊಳೆದೆ. ಸೋಪು ಮುಟ್ಟಲೇ ಇಲ್ಲ. ಡಿಸ್ಟಿಲ್ಡ್ ವಾಟರಿನಲ್ಲಿ ಹತ್ತು ಸಲ ಜಾಲಿಸಿ, ವಾಷರ್ ಬದಲಿಸಿ, ಒಣಗಿಸಿದೆ. ಅದೂ ಸಾಲದೆಂದು ಹೈಡ್ರೇಟ್ ಕಟ್ಟದಂತೆ ತಡೆಯುವ ರಾಸಾಯನಿಕವನ್ನೇ ನೀರಿಗೆ ಬೆರೆಸಿದೆ. ಇಪ್ಪತ್ತು ನಿಮಿಷಕ್ಕೆ ಸರಿಯಾಗಿ ಪಾತ್ರೆಯ ಗಾಜಿನ ಕಿಂಡಿ ಬೆಳ್ಳಗಾಯಿತು.

ಒತ್ತಡ ಬಿಟ್ಟು ಗಡ್ಡೆಯನ್ನು ಸ್ಟೀಲ್ ತಟ್ಟೆಗೆ ಹಾಕಿದೆ. ನಿಂಬೆಹಣ್ಣಿನಷ್ಟಿತ್ತು. ಸದ್ದೇ ಇಲ್ಲ. ಹತ್ತು ನಿಮಿಷವಾಯಿತು, ಅರ್ಧ ಗಂಟೆಯಾಯಿತು, ತಟ್ಟೆಯಲ್ಲಿ ಒಂದು ತೊಟ್ಟು ನೀರಿಲ್ಲ. ಥರ್ಮಾಮೀಟರ್ ಇಟ್ಟು ನೋಡಿದೆ. ಮಾರ್ಚ್ ಮಧ್ಯಾಹ್ನದ ಆ ಕೋಣೆ ಎಷ್ಟು ಬೆಚ್ಚಗಿತ್ತೋ ಗಡ್ಡೆಯೂ ಅಷ್ಟೇ ಬೆಚ್ಚಗಿತ್ತು. ಬೇರೆ ಥರ್ಮಾಮೀಟರ್ ತಂದೆ. ಅದೂ ಅದನ್ನೇ ಹೇಳಿತು.

ಗೈಡನ್ನು ಕರೆದೆ. ತಟ್ಟೆ ನೋಡಿದರು, ಥರ್ಮಾಮೀಟರ್ ನೋಡಿದರು.

"ಸಾರ್, ಇವತ್ತು ತೊಳೆದಿದ್ದು ನಾನು. ಜಯಮ್ಮನೋರದ್ದೇನೂ ತಪ್ಪಿಲ್ಲ," ಎಂದೆ.

"ಇದನ್ನ ನೋಟ್‌ಬುಕ್ಕಲ್ಲಿ ಬರೀಬೇಡಮ್ಮ. ಎಸೆದುಬಿಡು," ಎಂದು ಹೊರಟುಹೋದರು.

ನನಗೆ ಅಳುವೂ ಬಂತು, ಕೋಪವೂ ಬಂತು. ಗಡ್ಡೆಯನ್ನು ಊಟದ ಡಬ್ಬಿಗೆ ಹಾಕಿಕೊಂಡು ಆಟೋ ಹತ್ತಿದೆ.

ಜಯಮ್ಮ ಮನೆ ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದರು. ಡಬ್ಬಿ ತೆರೆದೆ. ಗಡ್ಡೆ ಹಾಗೇ ಇತ್ತು.

"ನೋಡಿ ಜಯಮ್ಮನೋರೇ, ನಾನು ತೊಳ್ದಿದ್ರಲ್ಲೂ ಬಂತು. ನಿಮ್ಮ ತಪ್ಪಲ್ಲ."

ಅವರು ಅದನ್ನು ಅಂಗೈಗೆ ತೆಗೆದುಕೊಂಡರು. "ತಣ್ಣಗೇ ಇಲ್ವಲ್ಲ ಇದು," ಎಂದರು. ಅಷ್ಟರಲ್ಲಿ ಅದು ಒಗ್ಗರಣೆಯ ಸಾಸಿವೆಯಂತೆ ಸಿಡಿಯತೊಡಗಿತು. ನಾವಿಬ್ಬರೂ ನೋಡುತ್ತಿದ್ದಂತೆಯೇ ಕುಗ್ಗಿ, ಬೆರಳ ಸಂದಿಯಿಂದ ನೀರಾಗಿ ಇಳಿದುಹೋಯಿತು. ಅರ್ಧ ನಿಮಿಷವೂ ಹಿಡಿಯಲಿಲ್ಲ.

ಜಯಮ್ಮ ಸೆರಗಿಗೆ ಕೈ ಒರೆಸಿಕೊಂಡು ನನ್ನನ್ನೇ ದಿಟ್ಟಿಸಿದರು.

"ಇದನ್ನ ನನಗ್ಯಾಕೆ ತೋರ್ಸೋಕೆ ಬಂದ್ರಿ ಮೇಡಂ? ಸೋಪು ಉಳಿದಿರ್ಲಿಲ್ಲ ಅಂತ ನನಗೆ ನಿನ್ನೇನೇ ಗೊತ್ತಿತ್ತು. ಅಲ್ಲಿ ಅಷ್ಟು ಜನ ಇದ್ರಲ್ಲ, ಆಗ ನೀವು ಬಾಯಿ ಬಿಟ್ಟಿದ್ರೆ ಸಾಕಿತ್ತು."

ಜಯಮ್ಮನನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಿ ಎಂದು ಕೇಂದ್ರದ ಮೇಲಿನವರಿಗೆ ಪತ್ರ ಬರೆದೆ, ಉತ್ತರ ಬರಲಿಲ್ಲ. ಜಯಮ್ಮ ಅಲ್ಲೇ ಹತ್ತಿರದ ಶ್ರೀಗಂಧದ ಕಾವಲು ಬಡಾವಣೆಯ ಯಾವುದೋ ಶಾಲೆಯಲ್ಲಿ ಆಯಾ ಆಗಿ ಸೇರಿದರೆಂದು ಕೇಳಿದೆ. ಆ ದಿನದ ನಂತರ ಬರೀ ನೀರು ಮೊದಲಿನಂತೆಯೇ ಗಂಟೆಗಟ್ಟಲೆ ಕಾಯಿಸತೊಡಗಿತು. ಎಷ್ಟು ಸಲ ಪ್ರಯತ್ನಿಸಿದರೂ ಅಂಥ ಗಡ್ಡೆ ಮತ್ತೆ ಬರಲಿಲ್ಲ. ಹೈಡ್ರೇಟ್ ತನ್ನ ಮೇಲೆ ಮಂಜಿನ ಪದರ ಕಟ್ಟಿಕೊಂಡು ಕರಗದೆ ನಿಲ್ಲುವುದುಂಟು. ಆದರೆ ಅದು ನೀರು ಹೆಪ್ಪುಗಟ್ಟುವಂಥ ಚಳಿಯಲ್ಲಿ. ಬೇಸಿಗೆಯ ಮಧ್ಯಾಹ್ನ, ಆಟೋದಲ್ಲಿ, ಊಟದ ಡಬ್ಬಿಯಲ್ಲಿ ಅಲ್ಲ. ಜಯಮ್ಮನ ಕೈಗುಣ ಎಂದು ಕೆಲವರು ನಗುತ್ತಾರೆ. ಹಾಗೆ ನಗುವವರ ಮೇಲೂ ನನಗೆ ಸಿಟ್ಟು ಬರುತ್ತದೆ. ಅದು ಯಾಕೆ ಹಾಗೆ ನಿಂತಿತು, ಯಾಕೆ ಅಲ್ಲೇ ಕರಗಿತು ಎಂಬುದಕ್ಕೆ ಇವತ್ತಿಗೂ ನನ್ನಲ್ಲಿ ಉತ್ತರವಿಲ್ಲ.

ನನ್ನ ಥೀಸಿಸ್‌ನ ಮೂರನೆಯ ಅಧ್ಯಾಯದಲ್ಲಿ ಒಂದು ವಾಕ್ಯವಿದೆ: ಪಾತ್ರೆಯನ್ನು ಸರಿಯಾಗಿ ತೊಳೆಯದ ಕಾರಣ ನಾಲ್ಕು ದಿನಗಳ ಅಳತೆಗಳನ್ನು ಕೈಬಿಡಲಾಗಿದೆ. ಗೈಡ್ ಹೇಳಿದರು, ನಾನು ಬರೆದೆ. ಡಿಗ್ರಿ ಬಂತು. ಆ ನಾಲ್ಕನೆಯ ದಿನ ಪಾತ್ರೆ ತೊಳೆದವಳು ನಾನು ಎಂದು ಅದರಲ್ಲಿ ಎಲ್ಲೂ ಇಲ್ಲ.