ಮರ ತಿಕ್ಕಿದ ಎದೆ

2023ರ ಡಿಸೆಂಬರ್ 12, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಹೆಗಡೆಕಟ್ಟಾದ ತೋಟವೊಂದರಲ್ಲಿ ನವೀನ ನಲವತ್ತಡಿ ಎತ್ತರದ ಅಡಿಕೆ ಮರಕ್ಕೆ ಎದೆಯಾನಿಸಿ ಕೂತಿದ್ದ. ಕತ್ತಿ ಸೊಂಟದಲ್ಲೇ ಇತ್ತು. ಕೆಳಗೆ ಹಗ್ಗದ ತುದಿ ಹಿಡಿದ ಕೆರಿಯಪ್ಪ ಕೊನೆ, ಅಂದರೆ ಅಡಿಕೆ ಗೊನೆ, ಜಾರಿ ಬರಲೆಂದು ಕಾಯುತ್ತಿದ್ದ.

"ಎಂತದಾ, ಮೇಲೇ ಮನೆ ಕಟ್ತ್ಯನಾ?"

ಸ್ವಲ್ಪ ಹೊತ್ತಿಗೆ ನವೀನ ಎದೆನೋವು ತಡೆಯದೆ ಕೊನೆ ಕೊಯ್ಯದೆಯೇ ಇಳಿದ. ಹನ್ನೊಂದು ವರ್ಷಗಳ ಕೆಲಸದಲ್ಲಿ ಅದೇ ಮೊದಲು.

ಎಕ್ಕಂಬಿಯ ನವೀನನಿಗೆ ಆಗ ಇಪ್ಪತ್ತೊಂಬತ್ತು. ಕೊನೆ ಕೊಯ್ಯುವವರಿಗೆ ಎದೆನೋವು ಹೊಸದಲ್ಲ. ದಿನವಿಡೀ ಮರ ಅಪ್ಪಿ ಏರುವುದರಿಂದ ಕೊಯ್ಲಿನ ಮೊದಲ ವಾರ ಎಲ್ಲರ ಎದೆಯೂ ನೋಯುತ್ತದೆ. ‘ಮರ ತಿಕ್ಕಿದ್ದು’ ಎಂದು ಎಣ್ಣೆ ಕಾಸಿ ಹಚ್ಚಿಕೊಳ್ಳುತ್ತಾರೆ. ನವೀನನೂ ತಿಂಗಳಿಂದ ಹಚ್ಚಿಸಿಕೊಳ್ಳುತ್ತಿದ್ದ. ಹಚ್ಚುವ ಹೆಂಡತಿ ಪ್ರತಿಭಾಳಿಗೆ ಮಾತ್ರ ಸಂಶಯ.

"ಒತ್ತಿದ್ರೆ ನೋವಿಲ್ಲ ಅಂತ್ರಿ. ಮರ ತಿಕ್ಕಿದ್ದಾದ್ರೆ ಒತ್ತಿದಲ್ಲೇ ನೋಯ್ಬೇಕಲ?"

"ನೀ ಯಾವಾಗ ಡಾಕ್ಟ್ರಾದೆ?"

ರಾತ್ರಿಯ ಸಂಗತಿ ಅವಳೊಬ್ಬಳಿಗೇ ಗೊತ್ತು. ಗೊರಕೆ ತಟ್ಟನೆ ನಿಂತು, ಉಸಿರು ಸಿಕ್ಕದೆ ಅವನು ಎದ್ದು ಕೂರುತ್ತಿದ್ದ. ಆಮೇಲೆ ಹೊಗೆಸೊಪ್ಪು ಸೇರಿಸಿದ ಎಲೆಯಡಿಕೆಯ ಕವಳ ಹಾಕಿ ಗೋಡೆಗೊರಗಿ ಬೆಳಗು ಮಾಡುತ್ತಿದ್ದ. ಒಟ್ಟು ನಿದ್ದೆ ಮೂರು ತಾಸು ದಾಟುತ್ತಿರಲಿಲ್ಲ. ಅವನ ಅಪ್ಪ ಮಾಸ್ತಿ ನಲವತ್ತೊಂದನೇ ವಯಸ್ಸಿಗೆ ಗದ್ದೆಯ ಬದುವಿನಲ್ಲಿ ಎದೆ ಹಿಡಿದು ಕೂತವನು ಮತ್ತೆ ಎದ್ದಿರಲಿಲ್ಲ.

ತೋಟದ ಯಜಮಾನ ವಿಘ್ನೇಶ್ವರ ಹೆಗಡೆ ಅಂದೇ ಅವನನ್ನು ಕಾರಿನಲ್ಲಿ ಶಿರಸಿಗೆ ಕರೆದೊಯ್ದ. ಒಳ್ಳೆಯವನೇ, ಆಸ್ಪತ್ರೆಯ ಕೋಣೆಯೊಳಗೂ ಜೊತೆಗೇ ಬಂದು ನಿಂತ. ಕೆಟ್ಟದ್ದು ಅಲ್ಲೇ ಆಯಿತು. ಎದೆಯ ಕಾಯಿಲೆಯವನೆಂದು ಒಮ್ಮೆ ಹೆಸರು ಬಿದ್ದರೆ ಯಾವ ತೋಟದವರೂ ಮರ ಹತ್ತಿಸುವುದಿಲ್ಲ. ಬಿದ್ದರೆ ಹೊಣೆ ಯಾರು?

"ಮನೇಲಿ ಯಾರಿಗಾದ್ರೂ ಹೃದಯದ ಕಾಯಿಲೆ ಇತ್ತಾ?" ವೈದ್ಯೆ ಕೇಳಿದರು.

"ಇಲ್ರಾ."

"ತಂಬಾಕು?"

"ಹಬ್ಬಕ್ಕೊಂದ್ಸಲ."

"ರಾತ್ರಿ ನಿದ್ದೆ ಎಷ್ಟು?"

ನವೀನ ಹೆಗಡೆಯ ಮುಖ ನೋಡಿ ಒಂದು ಸಂಖ್ಯೆ ಹೇಳಿದ. ವೈದ್ಯೆ ಬರೆದುಕೊಂಡರು. ಇಸಿಜಿ ಸರಿಯಾಗಿತ್ತು. "ಸ್ನಾಯುವಿನ ನೋವಿರಬಹುದು. ಇಸಿಜಿ ಒಂದರಿಂದಲೇ ಎಲ್ಲ ಗೊತ್ತಾಗೋದಿಲ್ಲ. ಮತ್ತೆ ನೋವು ಬಂದ್ರೆ ತಡ ಮಾಡ್ಬೇಡಿ," ಎಂದರು.

"ಕಂಡ್ಯನಾ, ಮರವೇ ತಿಕ್ಕಿದ್ದು," ಎಂದು ಹೆಗಡೆ ಕಾರಿನಲ್ಲಿ ನೆಮ್ಮದಿಯ ಉಸಿರು ಬಿಟ್ಟ.

ಒಂಬತ್ತು ದಿನಗಳ ನಂತರ ಬೆಳಗಿನ ಐದೂವರೆಗೆ ಅಂಗಳದಲ್ಲಿ ನೋವು ಮತ್ತೆ ಬಂತು. ಎಣ್ಣೆ ಕಾಸಿದರು, ಕಾದರು. ಶಿರಸಿ ಮುಟ್ಟುವಾಗ ಹನ್ನೆರಡಾಗಿತ್ತು. ಜೀವ ಉಳಿಯಿತು. ಹೃದಯದ ಸ್ನಾಯುವಿನ ಸತ್ತ ಭಾಗ ಮಾತ್ರ ಮರಳಲಿಲ್ಲ. ಈಗ ಬಾವಿಯಿಂದ ಮನೆಯ ಮೆಟ್ಟಿಲವರೆಗೆ ಬರಲು ನವೀನ ಎರಡು ಸಲ ಕೂರುತ್ತಾನೆ. ಮಲಗಿದರೆ ಉಸಿರು ಕಟ್ಟುವುದರಿಂದ ರಾತ್ರಿ ಒರಗಿಯೇ ಇರುತ್ತಾನೆ. ಕೆರಿಯಪ್ಪ ಈಗ ಬೇರೊಬ್ಬನಿಗೆ ಹಗ್ಗ ಹಿಡಿಯುತ್ತಾನೆ.

ಹೊಗೆಸೊಪ್ಪು, ಅಪ್ಪನಿಂದ ಬಂದ ರಕ್ತ, ಕೆಟ್ಟ ನಿದ್ದೆ: ಯಾವುದು ಎಷ್ಟು ಕೆಡಿಸಿತೆಂದು ಇನ್ನು ಅಳೆಯಲಾಗದು. ಮೊದಲೇ ತಿಳಿಯುತ್ತಿರಲಿಲ್ಲವೇ ಎಂದು ಪ್ರತಿಭಾ ವೈದ್ಯೆಯನ್ನೊಮ್ಮೆ ಕೇಳಿದಳು. ಅವರು ಹಳೆಯ ಚೀಟಿ ತೆಗೆದು ನಿದ್ದೆಯ ಸಾಲಿನ ಮೇಲೆ ಬೆರಳಿಟ್ಟರು. ಅಂದು ನವೀನ ತಡವರಿಸದೆ, ಎಲ್ಲರಿಗೂ ಕೇಳುವಂತೆ ಹೇಳಿದ್ದ: "ಎಂಟು ತಾಸು."