ಲೋಡರಿನ ಎಡಗೈ

ಇವತ್ತು ಬೆಳಿಗ್ಗೆ ತುಂತುರು ಮಳೆ ಬಂತು. ನಾನು ಆಗಷ್ಟೇ ವೆಲ್ಡಿಂಗ್ ಮುಗಿಸಿ ಅಂಗಳದಲ್ಲಿ ಇಟ್ಟಿದ್ದ ಕಬ್ಬಿಣದ ಮೇಲೆ ನಾಲ್ಕು ಹನಿ ಬಿದ್ದು ಚುಯ್ ಎಂದಿತು. ಆ ವಾಸನೆ... ಕಾದ ಕಬ್ಬಿಣಕ್ಕೆ ನೀರು ತಗುಲಿದಾಗ ಎದ್ದು ಗಂಟಲಿಗೆ ಹತ್ತುವ ವಾಸನೆ. ಅದು ಬಂದರೆ ನನಗೆ ಹುಣಸೂರು ರಸ್ತೆಯ ವೆಲ್ಡಿಂಗ್ ಮಾವ ನೆನಪಾಗುತ್ತಾರೆ. ಒಳ್ಳೆಯ ನೆನಪಲ್ಲ.

ಸಂಬಂಧದಲ್ಲಿ ಅವರು ನಮಗೆ ಏನೂ ಆಗಬೇಕಿರಲಿಲ್ಲ. ಸುತ್ತಲಿನ ಊರುಗಳವರೆಲ್ಲ ಮಾವ ಅನ್ನುತ್ತಿದ್ದರು, ನಾವೂ ಅಂದೆವು. ನೇಗಿಲು, ಟ್ರೇಲರ್, ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ಕೊಳವೆ, ಏನು ಮುರಿದರೂ ಅವರ ಅಂಗಡಿಗೇ ಹೋಗಬೇಕಿತ್ತು. ಅವರ ಮಾತನ್ನು ಯಾರೂ ಅನುಮಾನಿಸುತ್ತಿರಲಿಲ್ಲ.

ನಮ್ಮ ಟ್ರಾಕ್ಟರಿಗೆ ಮುಂದುಗಡೆ ಮಣ್ಣು ಎತ್ತುವ ಲೋಡರ್ ಕೂರಿಸಿದ ಮೇಲೆ ಅದನ್ನು ಓಡಿಸುತ್ತಿದ್ದವಳು ನಾನು. ಆ ಬೇಸಿಗೆಯಲ್ಲಿ ಹೊಲಕ್ಕೆ ಕೆರೆಯ ಗೋಡುಮಣ್ಣು ತುಂಬುತ್ತಿದ್ದೆವು. ದಿನಕ್ಕೆ ಎಷ್ಟು ಬಕೆಟ್ ಎಂದು ಡೈರಿಯಲ್ಲಿ ಗೀಟು ಹಾಕುತ್ತಿದ್ದೆ. ನೂರಾ ಹದಿನಾಲ್ಕನೆಯ ಬಕೆಟ್ಟಿಗೆ, ಹೂತಿದ್ದ ಕಲ್ಲೊಂದು ಒಂದು ಮೂಲೆಗೆ ಸಿಕ್ಕಿ, ಬಕೆಟ್ ಎತ್ತುವ ಎರಡು ಕೈಗಳಲ್ಲಿ ಎಡಗೈ ಬಾಗಿತು. ಬಾಗಿಸಿದ್ದು ನಾನೇ, ಒಪ್ಪುತ್ತೇನೆ. ಮುರಿದದ್ದು ನಾನಲ್ಲ.

ಮಾವ ಗ್ಯಾಸ್ ಹಚ್ಚಿ, ಕೆಂಪಗೆ ಕಾಯಿಸಿ, ಸುತ್ತಿಗೆಯಿಂದ ಬಡಿದು ನೇರ ಮಾಡಿದರು. ಆಮೇಲೆ ಮಚ್ಚು ಕುಡುಗೋಲಿಗೆ ಮಾಡುವ ಹಾಗೆ ಅದರ ಮೇಲೆ ನೀರು ಹುಯ್ಯಲು ಹೊರಟರು. ಕಾದ ಕೈ ಒಮ್ಮೆಗೇ ತಣ್ಣಗಾದರೆ ಪೆಡಸಾಗಿ ಮುರಿಯುತ್ತದೆ, ಹಾಗೆ ಮಾಡಬಾರದೆಂದು ಲೋಡರ್ ಜೊತೆ ಬಂದ ಪುಸ್ತಕದಲ್ಲಿ ಓದಿದ್ದೆ.

"ಮಾವ, ತಾನಾಗೇ ಆರ್ಲಿ ಬುಡಿ."

"ಪುಸ್ತಕ ಓದೋ ಐಕ್ಳು ಪುಸ್ತಕ ಓದ್ಕಂಡಿರಿ ಕಣವ್ವ. ನೀರು ಕುಡುಸ್ದೆ ಕಬ್ಣ ಗಟ್ಟಿ ಆದದಾ?"

ಹುಯ್ದೇಬಿಟ್ಟರು. ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. ಬರೆದುಕೊಂಡಿದ್ದೇನೆ.

ಮೂರನೆಯ ದಿನ, ಹನ್ನೊಂದನೆಯ ಬಕೆಟ್ ಎತ್ತುವಾಗ, ನೀರು ಹುಯ್ದಿದ್ದ ಜಾಗದಲ್ಲೇ ಆ ಕೈ ಗಾಜಿನ ಹಾಗೆ ಮುರಿಯಿತು. ಗೋಡುಮಣ್ಣೆಲ್ಲ ಅಪ್ಪನ ಕಾಲ ಬಳಿ ಸುರಿಯಿತು. ಅಪ್ಪ ನೇರವಾಗಿ ಮಾವನ ಹತ್ತಿರ ಹೋಗಿ ಕೇಳಿದರು. ನಾನೂ ಜೊತೆಗಿದ್ದೆ.

"ನನ್ ಕೆಲ್ಸ ನೆಟ್ಗದೆ ಕಣಣ್ಣ. ಹೆಣ್ ಐಕ್ಳಿಗೆ ಲೋಡರ್ ಕೊಟ್ರೆ ಇನ್ನೇನಾದದು? ರಂಗೋಲಿ ಬುಡೋ ಕೈ ಅದು."

ಅಪ್ಪ ಅವತ್ತೇ ನನ್ನಿಂದ ಕೀಲಿ ತೆಗೆದುಕೊಂಡರು. ರಂಗೋಲಿ ಮಾತು ಊರೆಲ್ಲ ಸುತ್ತಿತು. ನನ್ನ ಕಿವಿಗೆ ಬಿದ್ದಾಗಲೆಲ್ಲ ಒಂದು ಗೀಟು ಹಾಕಿದೆ. ಇಪ್ಪತ್ತಾರು ಗೀಟು.

ಅಪ್ಪ ಗುಜರಿಯಿಂದ ಅದೇ ಅಳತೆಯ ಇನ್ನೊಂದು ಎಡಗೈ ತಂದರು. ಅದೂ ಬಾಗಿತ್ತು. ಮಾವನ ಅಂಗಡಿಗೆ ಸಾಗಿಸುವ ಮೊದಲು ಒಂದು ವಾರ ನನಗೆ ಬಿಡಿ ಎಂದು ಕಾಡಿ ಬೇಡಿ ಉಳಿಸಿಕೊಂಡೆ. ಬೆಂಕಿ ಮುಟ್ಟಿಸಲಿಲ್ಲ. ದಪ್ಪ ಕಂಬಿಗೆ ಸರಪಳಿಯಿಂದ ಬಿಗಿದು, ನಡುವೆ ಜಾಕ್ ಕೊಟ್ಟು, ಸ್ವಲ್ಪ ಒತ್ತುವುದು, ಸಡಿಲಿಸುವುದು, ಬಲಗೈ ಜೊತೆ ದಾರ ಹಿಡಿದು ಅಳೆಯುವುದು. ಕಬ್ಬಿಣ ಪ್ರತಿ ಸಲವೂ ಒಂದಿಷ್ಟು ಹಿಂದಕ್ಕೆ ಬರುತ್ತಿತ್ತು. ಪ್ರತಿ ಒತ್ತಿಗೂ ಮಾವನ ಮುಖ ನೆನೆಸಿಕೊಂಡೆ. ನಲವತ್ತೊಂದನೆಯ ಒತ್ತಿಗೆ ನೇರವಾಗಿ ನಿಂತಿತು.

ಅಪ್ಪ ಕೀಲಿ ಕೊಟ್ಟರು. ಕೊಡುವಾಗ, "ಇನ್ಮೇಲಾದ್ರೂ ಮುರೀಬ್ಯಾಡ ಮಗ" ಅಂದರು.

ಮುರಿದದ್ದು ತಾನೇ ಎಂದು ಮಾವ ಅಪ್ಪನಿಗೆ ಹೇಳಬೇಕು. ನನಗೆ ಬೇಕಿದ್ದದ್ದು ಅಷ್ಟೇ. ಆದರೆ ಅದಕ್ಕೂ ಮೊದಲು ಅವರನ್ನು ನಾಲ್ಕು ಜನರ ಎದುರು ನಗೆಪಾಟಲು ಮಾಡಬೇಕು ಅನ್ನಿಸಿತ್ತು... ಲೋಡರಿನ ಎರಡೂ ಕೈ ಬಿಚ್ಚಿ, ಯಾವುದು ಎಡ ಯಾವುದು ಬಲ ತಿಳಿಯದ ಹಾಗೆ ಒಂದೇ ಬಣ್ಣ ಹೊಡೆದು ಟ್ರೇಲರಿಗೆ ಹಾಕಿಕೊಂಡು, ಸಂತೆಯ ದಿನ ನೋಡಿ ಅವರ ಅಂಗಡಿ ಮುಂದೆ ಟ್ರಾಕ್ಟರ್ ನಿಲ್ಲಿಸಿದೆ.

ಅಷ್ಟು ಹೊತ್ತಿಗೆ ವೆಲ್ಡಿಂಗ್ ಬೆಳಕಿಗೆ ಅವರ ಕಣ್ಣು ಮಂಜಾಗಿತ್ತು. ನನ್ನ ದನಿ ಗುರುತಿಸಿ ಹತ್ತಿರ ಬಂದರು. ಬೇರೆಯವರಿಗೆ ಕೇಳಿಸದ ಹಾಗೆ, "ಅವ್ವ, ಅವತ್ತು ನಾನು ನೀರು..." ಎಂದು ಶುರು ಮಾಡಿದರು.

"ಅದಿರ್ಲಿ ಮಾವ" ಎಂದು ಜೋರಾಗಿ ತಡೆದೆ. "ಈ ಎರಡ್ರಲ್ಲಿ ನಾನು ನೆಟ್ಗೆ ಮಾಡಿದ್ ಕೈ ಯಾವ್ದು, ಮುಟ್ಟಿ ಹೇಳಿ ನೋಡವ."

ಅವರು ಎರಡರ ಮೇಲೂ ಅಂಗೈ ಆಡಿಸಿದರು. ಎರಡೆರಡು ಸಲ. ಕೊನೆಗೆ ಲೋಡರಿನ ಬಲಗೈ ತಟ್ಟಿ, "ಇದು" ಅಂದರು.

"ಅದು ಕಂಪ್ನಿದು ಮಾವ!"

"ರಂಗೋಲಿ ಕೈ ಗೆದ್ಬುಡ್ತು ಕಣ್ಲಾ!" ಎಂದು ಯಾರೋ ಕೂಗಿದರು. ಏಳು ಜನ ನಕ್ಕರು. ಮಾವ ಒಳಗೆ ಹೋದರು. ಮತ್ತೆ ನನ್ನೊಂದಿಗೆ ಮಾತಾಡಲಿಲ್ಲ. ಅಂಗಡಿ ಮುಚ್ಚಿತು. ಎರಡು ವರ್ಷದ ಮೇಲೆ ಅವರೂ ಹೋದರು. ಮಣ್ಣಿಗೆ ಅಪ್ಪ ಹೋಗಿದ್ದರು, ನಾನು ಹೋಗಲಿಲ್ಲ.

ಆ ಏಳು ಜನರ ನಗು ಇವತ್ತಿಗೂ ನನಗೆ ಸಿಹಿಯೇ. ಸುಳ್ಳು ಹೇಳಲಾರೆ.

ಮಳೆ ನಿಂತ ಮೇಲೆ ಪಿರಿಯಾಪಟ್ಟಣದ ಕಡೆಯವರೊಬ್ಬರು ಬಾಗಿದ ಲೋಡರ್ ಕೈಯೊಂದನ್ನು ನನ್ನಿಂದ ನೆಟ್ಟಗೆ ಮಾಡಿಸಲು ಬಂದರು; ಈಗ ಅಂಥ ಕೆಲಸಕ್ಕೆಲ್ಲ ಜನ ನಮ್ಮ ಅಂಗಳಕ್ಕೇ ಬರುತ್ತಾರೆ. ಅಪ್ಪ ಹೆಮ್ಮೆಯಿಂದಲೇ ಅವರಿಗೆ ಹೇಳುತ್ತಿದ್ದರು: "ನಮ್ ಮಗ ಮೊದ್ಲು ಒಂದ್ ಕೈಯ ಮುರ್ದಾಕ್ಬುಟ್ಲು. ಆಮೇಲೆ ಕಲ್ತ್ಳು ನೋಡಿ."

ಅಲ್ಲ ಎಂದು ಹೇಳಿ ಅಪ್ಪನನ್ನು ನಂಬಿಸಬಲ್ಲವರು ಒಬ್ಬರೇ ಇದ್ದರು. ಅವರು ಹೇಳಲು ಬಾಯಿ ತೆರೆದಾಗ ಮುಚ್ಚಿಸಿದವಳು ನಾನು.