ಹರಕೆಯ ಹೋತ

ಯಲ್ದೂರಿನ ನಮ್ಮ ಮಾವಿನ ತೋಪಿಗೆ ನಾನೊಂದು ಬೋಯರ್ ಅನ್ನೋ ದಪ್ಪ ಮೈಯ ವಿದೇಶಿ ತಳಿಯ ಹೋತ ತಂದೆ. ನಮ್ಮ ನಾಟಿ ಮೇಕೆಗಳಿಗೆ ಅದನ್ನು ಕೂಡಿಸಿದರೆ ಮರಿಗಳಿಗೆ ಅದರ ಮೈ, ನಾಟಿಯ ಗಟ್ಟಿತನ ಎರಡೂ ಬರುತ್ತವೆ ಅನ್ನೋದು ನನ್ನ ಆಸೆ. ಆದರೆ ಮನೆಯಲ್ಲಿ ಮಾರಮ್ಮನಿಗೆ ಹರಕೆ ಬಿಟ್ಟ ಕರಿ ಹೋತವೊಂದಿತ್ತು. ಹರಕೆಯದಕ್ಕೆ ಬೀಜ ಒಡೆಸಬಾರದು, ಹಗ್ಗವನ್ನೂ ಹಾಕಬಾರದು. ನಾನು ದೊಡ್ಡ ಬುದ್ಧಿವಂತ, ಎರಡೂ ಕಾದಾಡದಿರಲಿ ಅಂತ ಹೊಸದನ್ನು ಗೂಟಕ್ಕೆ ಕಟ್ಟಿದೆ.

ಮಾರನೇ ಬೆಳಿಗ್ಗೆ ನನ್ನ ಕಣ್ಣೆದುರೇ ಕರಿಯದು ಹಿಂದೆ ಹಿಂದೆ ಸರಿದು, ಓಡಿಬಂದು ಗುದ್ದಿತು. ಮತ್ತೆ ಗುದ್ದಿತು. ಕಟ್ಟಿದ ಪ್ರಾಣಿಗೆ ತಿರುಗಿ ನಿಲ್ಲೋಕೂ ಆಗಲಿಲ್ಲ. ನಾನು ಹಗ್ಗ ಬಿಚ್ಚುವಷ್ಟರಲ್ಲಿ ಪಕ್ಕೆ ಮುರಿದು, ಬಾಯಲ್ಲಿ ರಕ್ತ ಬಂದು ಸತ್ತೇಹೋಯ್ತು. ದೊಣ್ಣೆ ಎತ್ತಿದೆ. ನಮ್ಮಮ್ಮ ಅಡ್ಡ ಬಂದು ಕೈ ಹಿಡಿದಳು.

“ಹೊಡೀಬೇಡ ಕಣೋ, ಅದು ಮಾರಮ್ಮನ್ದು!”

ಐದು ತಿಂಗಳಿಗೆ ಮೇಕೆಗಳು ಈದವು. ಎಲ್ಲವೂ ಕರಿ ಮರಿಗಳೇ. ಬಿದ್ದ ಗಳಿಗೆಗೇ ಎದ್ದು ನಿಂತು ಮೊಲೆಗೆ ಬಾಯಿ ಹಾಕಿದವು, ನಾನು ಬಯಸಿದಷ್ಟೇ ಗಟ್ಟಿ.

ಮಾರಮ್ಮನ ಹಬ್ಬದ ದಿನ ಕರಿ ಹೋತವನ್ನು ಕಡಿಯೋ ಮಚ್ಚನ್ನು ಬೇರೆ ಯಾರಿಗೂ ಕೊಡಲಿಲ್ಲ. ಒಂದೇ ಏಟಿಗೆ ತಲೆ ಬೀಳಬೇಕು. ನಾನು ಮೂರು ಏಟು ಹಾಕಿದೆ. ಮಚ್ಚು ಮೊಂಡು ಅಂತ ಜನ ಬೈದರು.

ಅದನ್ನು ಅವತ್ತು ಬೆಳಿಗ್ಗೆ ಕೂದಲು ಸೀಳೋ ಹಾಗೆ ಮಸೆದವನು ನಾನೇ.